ಬಂದೂಕು ಹಿಡಿದವರಿಗೆ ಕುರ್ಚಿ, ಹೆಂಗಸರಿಗೆ ಕಾರಿಡಾರು: 1325ನೇ ನಿರ್ಣಯಕ್ಕೆ 25 ವರ್ಷ

ಶರಾವತಿ

2000ನೇ ಇಸವಿಯ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯವನ್ನು ಒಮ್ಮತದಿಂದ ಒಪ್ಪಿತು. ಯುದ್ಧ ತಡೆಯುವುದು, ನಿಲ್ಲಿಸುವುದು, ನಿಂತ ಮೇಲೆ ಊರು ಕಟ್ಟುವುದು, ಎಲ್ಲದರಲ್ಲೂ ಹೆಂಗಸರಿಗೆ ಪಾಲು ಇರಬೇಕು ಎಂದು ಮಂಡಳಿ ಇಡೀ ನಿರ್ಣಯವೊಂದನ್ನು ಮಾಡಿದ್ದು ಅದೇ ಮೊದಲು. ಈಗ ಅದಕ್ಕೆ 25 ವರ್ಷ ತುಂಬಿದೆ. ಕನ್ನಡದಲ್ಲಿ ಇದರ ಬಗ್ಗೆ ಮಾತು ಕಡಿಮೆ. ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ.

ಇದು ಬಲಾಢ್ಯ ದೇಶಗಳು ತಾವಾಗಿ ಕೊಟ್ಟಿದ್ದಲ್ಲ. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ನಮೀಬಿಯಾದ ಕೈಯಲ್ಲಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಆ ದೇಶದ ರಾಜಧಾನಿ ವಿಂಡ್‌ಹೋಕ್‌ನಲ್ಲಿ, ಶಾಂತಿಪಾಲನೆಯಲ್ಲಿ ಹೆಂಗಸರಿಗೆ ಸಮಪಾಲು ಸಿಗಬೇಕು ಅನ್ನುವ ಘೋಷಣೆ ಹೊರಬಿದ್ದಿತ್ತು. ಅದಕ್ಕೂ ಮುಂಚೆ ಮಾರ್ಚ್ 8ರಂದು, ಅಧ್ಯಕ್ಷತೆ ಬಾಂಗ್ಲಾದೇಶದ್ದಾಗಿದ್ದಾಗ, ಅದರ ರಾಯಭಾರಿ ಅನ್ವರುಲ್ ಚೌಧರಿಯವರು ಶಾಂತಿಗೂ ಹೆಣ್ಣಿನ ಸಮಾನತೆಗೂ ನೇರ ನಂಟಿದೆ ಎಂಬ ಮಾತನ್ನು ಮಂಡಳಿಯ ಪರವಾಗಿ ಆಡಿದ್ದರು. ಇದೆಲ್ಲದರ ಹಿಂದೆ ಓಡಾಡಿದ್ದು ಮಹಿಳಾ ಸಂಘಟನೆಗಳು. ಆಗ ನಮೀಬಿಯಾದಲ್ಲಿ ಮಹಿಳಾ ಖಾತೆಯ ಮಂತ್ರಿಯಾಗಿದ್ದ ನೆಟುಂಬೊ ನಂದಿ-ನ್ದೈತ್ವಾ ಈಗ ಆ ದೇಶದ ರಾಷ್ಟ್ರಾಧ್ಯಕ್ಷೆ.

ಆದರೆ ಲೆಕ್ಕ ನೋಡಿದರೆ ಬೇಜಾರಾಗುತ್ತದೆ. 1992ರಿಂದ 2019ರವರೆಗಿನ ದೊಡ್ಡ ಶಾಂತಿ ಮಾತುಕತೆಗಳನ್ನು ತೆಗೆದುಕೊಂಡರೆ, ಮಾತುಕತೆಗೆ ಕೂತವರಲ್ಲಿ ಹೆಂಗಸರು ಸರಾಸರಿ ಶೇ 13. ಮಧ್ಯಸ್ಥಿಕೆ ವಹಿಸಿದವರಲ್ಲಿ ಶೇ 6, ಸಹಿ ಹಾಕಿದವರಲ್ಲೂ ಶೇ 6. 2023ರಲ್ಲಿ ಮಾತುಕತೆಗೆ ಕೂತವರಲ್ಲಿ ಅವರ ಪಾಲು ಶೇ 10ನ್ನೂ ಮುಟ್ಟಲಿಲ್ಲ.

ಎಡವಟ್ಟಾಗಿದ್ದು ಎಲ್ಲಿ? ನನಗೆ ಅನಿಸುವುದು ಇಷ್ಟು. ಹೆಂಗಸರು ಇರಬೇಕು ಎಂದು ನಿರ್ಣಯ ಹೇಳುತ್ತದೆ. ಕರೆಯದೇ ಹೋದರೆ ಏನು ಅಂತ ಹೇಳುವುದಿಲ್ಲ. ನಿಮ್ಮ ಅಭಿಪ್ರಾಯ ಏನು?


ಬಯಲುಸೀಮೆ

ಶರಾವತಿಯವರೇ, ವಿಷಯ ಒಳ್ಳೆಯದು. ಆದರೆ ಕಾಗದಕ್ಕೆ ಇಷ್ಟು ಬೆಲೆ ಕೊಡಬಾರದು ಅನ್ನುವವನು ನಾನು. 1325 ಆದ ಮೇಲೆ ಇದೇ ವಿಷಯದ ಮೇಲೆ ಇನ್ನೂ 9 ನಿರ್ಣಯ ಬಂದವು. 2008ರ 1820ನೇದು ಅತ್ಯಾಚಾರವನ್ನು ಯುದ್ಧತಂತ್ರವಾಗಿ ಬಳಸುವುದರ ಬಗ್ಗೆ. 2019ರಲ್ಲಿ ಒಂದೇ ವರ್ಷ ಎರಡು. ಸರಿ, ಅದಾಗಿ ಕೆಲವೇ ತಿಂಗಳಿಗೆ ಏನಾಯಿತು? 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಅಫ್ಘಾನ್ ಸರ್ಕಾರವನ್ನೇ ಹೊರಗಿಟ್ಟ ಒಪ್ಪಂದ ಅದು. ಹೆಂಗಸರ ಹಕ್ಕಿನ ಬಗ್ಗೆ ಅದರಲ್ಲಿ ಒಂದೇ ಒಂದು ಸಾಲಿಲ್ಲ.

ಆಮೇಲೆ ಸೆಪ್ಟೆಂಬರ್‌ನಲ್ಲಿ ಅಫ್ಘನ್ನರ ನಡುವಿನ ಮಾತುಕತೆ ಶುರುವಾಯಿತು. ಸರ್ಕಾರದ ಕಡೆಯ 21 ಜನರಲ್ಲಿ 4 ಹೆಂಗಸರು: ಫಾತಿಮಾ ಗೈಲಾನಿ, ಹಬೀಬಾ ಸರಾಬಿ, ಫೌಜಿಯಾ ಕೂಫಿ, ಶರೀಫಾ ಝುರ್ಮತಿ. ತಾಲಿಬಾನ್ ಕಡೆ ಒಬ್ಬರೂ ಇಲ್ಲ. ಕೂಫಿಯವರ ಮೇಲೆ ಆಗಸ್ಟ್‌ನಲ್ಲಿ ಗುಂಡಿನ ದಾಳಿ ಆಗಿತ್ತು. ಕೈಗೆ ಕಟ್ಟು ಹಾಕಿಸಿಕೊಂಡೇ ದೋಹಾಕ್ಕೆ ಬಂದರು. ಅಷ್ಟು ಧೈರ್ಯ ಇತ್ತು ಅವರಿಗೆ. ಆದರೆ ಅಷ್ಟು ಹೊತ್ತಿಗೆ ನಿಜವಾದ ಒಪ್ಪಂದ ಆಗಿ ಆರು ತಿಂಗಳಾಗಿತ್ತು. ಸೈನ್ಯ ಯಾವಾಗ ಹೊರಡುತ್ತದೆ ಅನ್ನುವ ದಿನವೂ ಗೊತ್ತಾಗಿ ಹೋಗಿತ್ತು. ತಾಲಿಬಾನ್ ಜೊತೆ ಚೌಕಾಸಿ ಮಾಡೋಕೆ ಇವರ ಕೈಯಲ್ಲಿ ಉಳಿದಿದ್ದೇನು? 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು.

ಯಾರ ಕೈಯಲ್ಲಿ ಬಂದೂಕಿದೆಯೋ ಅವರಿಗೇ ಕುರ್ಚಿ. ಇದನ್ನು ಬದಲಾಯಿಸುವ ಶಕ್ತಿ ಯಾವ ನಿರ್ಣಯಕ್ಕಿದೆ ಹೇಳಿ.


ಶರಾವತಿ

ಬಯಲುಸೀಮೆ ಸರ್, ದೋಹಾ ಬಗ್ಗೆ ನಿಮಗಿರುವಷ್ಟೇ ಸಿಟ್ಟು ನನಗೂ ಇದೆ. ಆದರೆ ಬಂದೂಕು ಇಲ್ಲದವರೂ ಮಾತುಕತೆಯನ್ನು ದಡ ಮುಟ್ಟಿಸಿದ್ದಿದೆ. ಲೈಬೀರಿಯಾದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಓದಿ.

ಪಶ್ಚಿಮ ಆಫ್ರಿಕಾದ ಪುಟ್ಟ ದೇಶ. 1989ರಿಂದ ನಡುವೆ ಒಂದಿಷ್ಟು ಬಿಡುವು ಬಿಟ್ಟು 2003ರವರೆಗೆ ಒಳಯುದ್ಧ. ಎರಡೂ ಸುತ್ತು ಸೇರಿ ಸತ್ತವರು ಸುಮಾರು ಎರಡೂವರೆ ಲಕ್ಷ. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೆ ಬಂದೂಕು ಕೊಟ್ಟಿದ್ದರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಒಂದು ಕಡೆ, ಬಂಡುಕೋರರ ಎರಡು ಗುಂಪು ಇನ್ನೊಂದು ಕಡೆ. ಮಾತುಕತೆಗೆ ಯಾರೂ ತಯಾರಿಲ್ಲ.

2003ರ ಏಪ್ರಿಲ್‌ನಲ್ಲಿ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಹತ್ತಿರದ ಮೈದಾನದಲ್ಲಿ ಹೆಂಗಸರು ಬಂದು ಕೂತರು. ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ. ಒಡವೆ, ಅಲಂಕಾರ ಏನೂ ಇಲ್ಲ. ಚರ್ಚಿನವರೂ ಇದ್ದರು, ಮಸೀದಿಯ ಕಡೆಯವರೂ ಇದ್ದರು. ಮುಂದೆ ನಿಂತಿದ್ದು ಲೇಮಾ ಗ್ಬೋವೀ, ಯುದ್ಧದಲ್ಲಿ ಹೋರಾಡಿದ್ದ ಹುಡುಗರಿಗೆ ಆರೈಕೆ ಮಾಡುತ್ತಿದ್ದ ಸಮಾಜ ಕಾರ್ಯಕರ್ತೆ. ಆ ಜಾಗವನ್ನು ಸುಮ್ನೆ ಆರಿಸಿಕೊಂಡಿರಲಿಲ್ಲ. ಟೇಲರ್ ಕಾರುಗಳ ಸಾಲು ದಿನಾ ಹೋಗುತ್ತಿದ್ದ ರಸ್ತೆ ಅದು. ಬಿಸಿಲಲ್ಲಿ, ಮಳೆಯಲ್ಲಿ ವಾರಗಟ್ಟಲೆ ಕೂತರು. ಕೊನೆಗೆ ಟೇಲರ್ ಅವರನ್ನು ಕರೆಸಿ ಮಾತಾಡಬೇಕಾಯಿತು. ಮಾತುಕತೆಗೆ ಹೋಗಲು ಒಪ್ಪಿದ. ಬಂಡುಕೋರರನ್ನು ಒಪ್ಪಿಸಲೂ ಹೆಂಗಸರು ಹಿಂದೆ ಬಿದ್ದರು.

ಜೂನ್‌ನಲ್ಲಿ ಘಾನಾದಲ್ಲಿ ಮಾತುಕತೆ ಶುರುವಾಯಿತು. ಗ್ಬೋವೀ ಗುಂಪಿಗೆ ಒಳಗೆ ಜಾಗವಿಲ್ಲ. ಬಂದೂಕು ಗುಂಪಿನ ಮುಖಂಡರಿಗೆ ಒಳ್ಳೊಳ್ಳೆ ಹೋಟೆಲು. ಇತ್ತ ಮನ್ರೋವಿಯಾದ ಮೇಲೆ ಷೆಲ್ ಬೀಳುತ್ತಿದ್ದರೆ, ಅತ್ತ ಯಾರಿಗೆ ಯಾವ ಖಾತೆ ಅನ್ನುವ ಹಂಚಿಕೆ ಆರಾಮಾಗಿ ನಡೆದಿತ್ತು. ವಾರಗಳು ಕಳೆದವು.

ಜುಲೈನಲ್ಲಿ ಒಂದು ದಿನ ಹೆಂಗಸರು ಸಭೆಯ ಹಾಲ್‌ನ ಬಾಗಿಲ ಮುಂದೆ, ಕಾರಿಡಾರಿನಲ್ಲೇ ತೋಳಿಗೆ ತೋಳು ಸೇರಿಸಿ ಕೂತುಬಿಟ್ಟರು. ಒಪ್ಪಂದ ಆಗುವ ತನಕ ಯಾರನ್ನೂ ಹೊರಗೆ ಬಿಡಲ್ಲ ಎಂದರು. ಭದ್ರತೆಯವರು ಗ್ಬೋವೀಯನ್ನು ಬಂಧಿಸಲು ಬಂದರು. ಅವರು ಅಲ್ಲೇ ಎದ್ದು ಮೈಮೇಲಿನ ಬಟ್ಟೆ ತೆಗೆಯಲು ಹೊರಟರು. ಆ ಕಡೆಯ ಜನಕ್ಕೆ ತಾಯಿಯಂಥ ಹೆಂಗಸು ಹಾಗೆ ಬಟ್ಟೆ ಕಳಚಿದರೆ ಅದು ಶಾಪ. ಬಂಧಿಸಲು ಬಂದವರು ಹಿಂದೆ ಸರಿದರು. ಮಧ್ಯಸ್ಥಿಕೆ ವಹಿಸಿದ್ದವರು ನೈಜೀರಿಯಾದ ಮಾಜಿ ಅಧ್ಯಕ್ಷ ಅಬ್ದುಲ್‌ಸಲಾಮಿ ಅಬೂಬಕರ್. ಅವರೇ ಹೊರಗೆ ಬಂದು ಹೆಂಗಸರ ಜೊತೆ ಮಾತಾಡಿದರು. ಒಳಗಿದ್ದವರು ದಿನಾ ಸರಿಯಾಗಿ ಸಭೆಗೆ ಬರಬೇಕು, ಮಾತುಕತೆ ಮುಂದೆ ಸಾಗಬೇಕು ಎಂಬ ಷರತ್ತಿನ ಮೇಲೆ ಹೆಂಗಸರು ಎದ್ದರು. ಆಗಸ್ಟ್ 11ಕ್ಕೆ ಟೇಲರ್ ಅಧಿಕಾರ ಬಿಟ್ಟ. 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು.

ಇವರು ಅಲ್ಲಿಗೇ ಮನೆಗೆ ಹೋಗಲಿಲ್ಲ. ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಆಯುಧ ವಾಪಸ್ ಪಡೆಯುವ ಕೆಲಸ ಶುರು ಮಾಡಿದಾಗ, ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಜನ ಬಂದು ಗಲಾಟೆಯಾಯಿತು. ಹೋರಾಡಿದ ಹುಡುಗರು ಯಾರ ಮನೆಯವರು, ಎಲ್ಲಿದ್ದಾರೆ ಎಂದು ಈ ಹೆಂಗಸರಿಗೆ ಗೊತ್ತಿತ್ತು. ಮೊದಲೇ ಅವರ ಮಾತು ಕೇಳಿದ್ದರೆ ಅಷ್ಟು ರಾದ್ಧಾಂತ ಆಗುತ್ತಿರಲಿಲ್ಲ. 2005ರ ಚುನಾವಣೆಗೆ ಹೆಂಗಸರ ಹೆಸರು ನೋಂದಾಯಿಸಲು ಬೀದಿ ಬೀದಿ ಸುತ್ತಿದರು. ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದರು. 2011ರಲ್ಲಿ ಸರ್ಲೀಫ್, ಗ್ಬೋವೀ, ಯೆಮೆನ್‌ನ ತವಕ್ಕುಲ್ ಕರ್ಮಾನ್ ಮೂವರಿಗೂ ನೊಬೆಲ್ ಬಂತು.

ನಾನು ಕೇಳುವುದು ಇದನ್ನೇ. ಹೊರಗೆ ಕೂತು ಇಷ್ಟು ಮಾಡಿದವರನ್ನು ಒಳಗೆ ಕರೆದಿದ್ದರೆ?


ಕೊಡಗಿನ ಮಾಜಿ ಸೈನಿಕ

ನಮಸ್ಕಾರ. ನಾನು ಕಾಂಗೋದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದವನು. ಗೋಮಾದ ಸುತ್ತಮುತ್ತ ನಮ್ಮ ಡ್ಯೂಟಿ. ನಿರ್ಣಯದ ನಂಬರು ಆಗ ನಮಗೆ ಗೊತ್ತಿರಲಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಪೆಟ್ರೋಲಿಂಗ್‌ಗೆ ಹಳ್ಳಿಗೆ ಹೋದರೆ ಗಾಡಿ ನಿಂತ ಕೂಡಲೇ ಊರಿನ ಮುಖ್ಯಸ್ಥ ಬರುತ್ತಿದ್ದ. ಜೊತೆಗೆ ನಾಲ್ಕೈದು ಗಂಡಸರು. ನಮ್ಮ ದುಭಾಷಿಯೂ ಗಂಡಸು. ರಾತ್ರಿ ಯಾರಾದರೂ ಬಂದಿದ್ದರಾ, ಏನಾದರೂ ತೊಂದರೆಯಾ ಎಂದು ಕೇಳಿದರೆ, ಎಲ್ಲ ಸರಿ ಇದೆ ಅನ್ನುತ್ತಿದ್ದ. ಹೆಂಗಸರು ಬೆನ್ನ ಮೇಲೆ ಇದ್ದಿಲ ಮೂಟೆ ಹೊತ್ತು, ಹಣೆಗೆ ಪಟ್ಟಿ ಬಿಗಿದು, ತಲೆ ತಗ್ಗಿಸಿ ಪಕ್ಕದಲ್ಲೇ ಹೋಗುತ್ತಿದ್ದರು. ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ನಾವು ರಿಪೋರ್ಟ್ ಬರೆದುಕೊಂಡು ವಾಪಸ್.

ಒಂದು ಸಲ ಮೆಡಿಕಲ್ ಕ್ಯಾಂಪ್ ಇತ್ತು. ನಮ್ಮ ಆಸ್ಪತ್ರೆಯ ಲೇಡಿ ಡಾಕ್ಟರ್ ಬಂದಿದ್ದರು. ಬೆಳಿಗ್ಗೆಯಿಂದ ಅವರ ಟೆಂಟ್ ಮುಂದೆ ಹೆಂಗಸರ ಸಾಲು ಕರಗಲೇ ಇಲ್ಲ. ಸಂಜೆ ಅವರು ಹೊರಗೆ ಬಂದು ನಮ್ಮ ಕಂಪನಿ ಕಮಾಂಡರ್ ಹತ್ತಿರ ಮಾತಾಡಿದರು. ಸೌದೆ ತರುವ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಯಾವ ಗುಂಪಿನವರು ಹೆಂಗಸರನ್ನು ಹಿಡಿಯುತ್ತಾರೆ ಎಂಬುದು ಒಂದೇ ದಿನದಲ್ಲಿ ಅವರಿಗೆ ತಿಳಿದಿತ್ತು. ಅದೇ ಊರಿಗೆ ನಾವು ಎಷ್ಟೋ ಸಲ ಹೋಗಿದ್ದೆವು. ಅದಾದ ಮೇಲೆ ಪೆಟ್ರೋಲಿಂಗ್ ಸಮಯ ಬದಲಾಯಿತು. ಹೆಂಗಸರು ಸೌದೆಗೆ ಹೋಗುವ ಹೊತ್ತಿಗೆ ನಮ್ಮ ಗಾಡಿ ಆ ದಾರಿಯಲ್ಲಿ ಇರುತ್ತಿತ್ತು.

2019ರಲ್ಲಿ ಭಾರತ ಕಾಂಗೋಗೆ ಹೆಂಗಸರದೇ ಒಂದು ತಂಡ ಕಳಿಸಿತು, ಊರಿನ ಜನರ ಜೊತೆ ಮಾತಾಡಲಿಕ್ಕೇ ಅಂತ. 2023ರಲ್ಲಿ ಸುಡಾನ್ ಗಡಿಯ ಅಬ್ಯೇಗೂ ಕಳಿಸಿತು. ಮೇಜರ್ ಸುಮನ್ ಗವಾನಿ ಅವರಿಗೆ ದಕ್ಷಿಣ ಸುಡಾನ್‌ನಲ್ಲಿ ಮಾಡಿದ ಕೆಲಸಕ್ಕೆ, ಮೇಜರ್ ರಾಧಿಕಾ ಸೇನ್ ಅವರಿಗೆ ಕಾಂಗೋದಲ್ಲಿ ಮಾಡಿದ ಕೆಲಸಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಸಿಕ್ಕಿದೆ. ಹೆಮ್ಮೆಯ ವಿಷಯ.

ಶರಾವತಿ ಮೇಡಂ ಲೈಬೀರಿಯಾ ಹೇಳಿದರಲ್ಲ, ಅಲ್ಲಿ ನಮ್ಮವರದೇ ಒಂದು ಅಧ್ಯಾಯ ಇದೆ. 2007ರ ಜನವರಿಯಲ್ಲಿ ಸಿಆರ್‌ಪಿಎಫ್‌ನ ಮಹಿಳೆಯರ ಪೊಲೀಸ್ ತುಕಡಿ ಮನ್ರೋವಿಯಾಗೆ ಹೋಯಿತು. ಬರೀ ಮಹಿಳೆಯರದೇ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. ಅಧ್ಯಕ್ಷೆ ಸರ್ಲೀಫ್ ಅವರ ಕಚೇರಿಗೆ ಕಾವಲು, ರಾತ್ರಿ ಬೀದಿ ಗಸ್ತು. ವರ್ಷಕ್ಕೊಂದು ತಂಡ ಬದಲಾಗುತ್ತಾ 2016ರವರೆಗೆ ಇದ್ದರು. ಅಷ್ಟರಲ್ಲಿ ಲೈಬೀರಿಯಾದ ಪೊಲೀಸ್ ಮತ್ತು ಭದ್ರತಾ ಪಡೆಗಳಲ್ಲಿ ಹೆಂಗಸರ ಪಾಲು ಶೇ 6ರಿಂದ 17ಕ್ಕೆ ಏರಿತ್ತು. ಯೂನಿಫಾರ್ಮ್ ಹಾಕಿದ ಹೆಂಗಸನ್ನು ದಿನಾ ಕಂಡ ಹುಡುಗಿಯರಿಗೆ ತಾವೂ ಸೇರಬಹುದು ಅನಿಸಿತು.


ಕಡಲತಡಿ

ಗ್ಬೋವೀ ಬಟ್ಟೆ ತೆಗೆಯಲು ಹೊರಟಿದ್ದನ್ನು ಓದಿದಾಗ ನನಗೆ ಇಂಫಾಲ ನೆನಪಾಯಿತು. 2004ರ ಜುಲೈ 15, ಕಾಂಗ್ಲಾ ಕೋಟೆ. ಆಗ ಅಸ್ಸಾಂ ರೈಫಲ್ಸ್ ಅಲ್ಲಿತ್ತು. ಆ ಪಡೆಯವರು ಹಿಡಿದುಕೊಂಡು ಹೋದ ಮೇಲೆ ಹೆಣವಾಗಿ ಸಿಕ್ಕ ಮನೋರಮಾ ಎಂಬ ಯುವತಿಯ ಸಾವಿನ ವಿರುದ್ಧ ಮಣಿಪುರದ 12 ತಾಯಂದಿರು ಕೋಟೆಯ ಬಾಗಿಲಲ್ಲಿ ಬಟ್ಟೆ ಕಳಚಿ ನಿಂತರು. ಅದೇ ಆಗಸ್ಟ್‌ನಲ್ಲಿ ಇಂಫಾಲ ನಗರಸಭೆ ವ್ಯಾಪ್ತಿಯಿಂದ ಸೇನೆಯ ವಿಶೇಷಾಧಿಕಾರ ಕಾಯ್ದೆಯನ್ನು ತೆಗೆದರು. ನವೆಂಬರ್‌ನಲ್ಲಿ ಕಾಂಗ್ಲಾ ತೆರವಾಯಿತು. ಅವರ ಮಾತು ಕೇಳಿಸಿಕೊಳ್ಳಲು ಅಷ್ಟು ದೂರ ಹೋಗಬೇಕಾಯಿತಲ್ಲ ಅನ್ನುವುದೇ ನನ್ನ ಸಂಕಟ. ಎರಡೂ ಕಡೆ ಹೆಂಗಸರ ಕೈಯಲ್ಲಿ ಉಳಿದಿದ್ದು ಅವರ ಮೈ ಒಂದೇ.

ನಮ್ಮ ಜಿಲ್ಲೆಗಳಲ್ಲೂ ನೋಡಿ. ಗಲಾಟೆಯಾದ ಮೇಲೆ, ಇಲ್ಲವೇ ಹಬ್ಬಕ್ಕೆ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಪ್ಲಾಸ್ಟಿಕ್ ಕುರ್ಚಿ, ಚಹಾ, ಎರಡೂ ಸಮುದಾಯದ ಮುಖಂಡರು. ನಾನು ಕಂಡ ಸಭೆಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ. ಮೀನು ಮಾರುವವರು, ಬೀಡಿ ಕಟ್ಟುವವರು, ಅಂಗನವಾಡಿ ಕಾರ್ಯಕರ್ತೆಯರು ಎರಡೂ ಕಡೆಯ ಮನೆಗಳಿಗೆ ಹೋಗಿ ಬರುವವರು. ಯಾವ ಮನೆಯ ಹುಡುಗ ರಾತ್ರಿ ಎಲ್ಲಿರುತ್ತಾನೆ ಎಂದು ಅವರಿಗೆ ಗೊತ್ತು. ಅವರನ್ನು ಕರೆಯುವುದಿಲ್ಲ. ಕರೆಯಬಾರದು ಎಂದು ಯಾರೂ ಹೇಳಿಲ್ಲ. ಕರೆಯಬೇಕು ಅಂತ ಯಾರಿಗೂ ಹೊಳೆದಿಲ್ಲ, ಅಷ್ಟೇ.


ಬಯಲುಸೀಮೆ

ಕಡಲತಡಿಯವರೇ, ಮಣಿಪುರವನ್ನು ಎತ್ತಿದಿರಿ, ಹಾಗಾದರೆ ಪೂರ್ತಿ ನೋಡೋಣ. 2023ರ ಜೂನ್‌ನಲ್ಲಿ ಇಥಾಮ್ ಹಳ್ಳಿಯಲ್ಲಿ ಸೇನೆ 12 ಉಗ್ರರನ್ನು ಹಿಡಿದಿತ್ತು. ಹೆಂಗಸರು ಮುಂದಾಳಾಗಿದ್ದ ಸಾವಿರಕ್ಕೂ ಹೆಚ್ಚು ಜನ ಸುತ್ತುವರಿದರು. ರಕ್ತಪಾತ ಬೇಡ ಎಂದು ಸೇನೆ ಅವರನ್ನು ಬಿಟ್ಟು ಬರಬೇಕಾಯಿತು. ಶ್ರೀಲಂಕಾದಲ್ಲಿ ಎಲ್‌ಟಿಟಿಇಗೆ ಹೆಂಗಸರದೇ ದಳಗಳಿದ್ದವು. ಕೊಲಂಬಿಯಾದ ಫಾರ್ಕ್ ಗೆರಿಲ್ಲಾಗಳಲ್ಲೂ ಬಂದೂಕು ಹಿಡಿದ ಹೆಂಗಸರಿಗೆ ಕಮ್ಮಿಯಿರಲಿಲ್ಲ. ಹೆಣ್ಣು ಅಂದರೆ ಶಾಂತಿ ಅನ್ನುವುದು ನಂಬಲು ಚೆನ್ನಾಗಿದೆ, ಅಷ್ಟೇ.


ಕಡಲತಡಿ

ಹೆಣ್ಣು ಅಂದರೆ ಶಾಂತಿ ಅಂತ ನಾನು ಹೇಳಲೇ ಇಲ್ಲ. ಹಾಗೆ ಹೇಳುವವರಿಂದ ನಮಗೆ ಅನುಕೂಲಕ್ಕಿಂತ ಅನಾನುಕೂಲವೇ ಜಾಸ್ತಿ. ಅದರಿಂದ ಎರಡು ತೊಂದರೆ ಇದೆ. ಬಂದೂಕು ಹಿಡಿದಿದ್ದ ಹೆಂಗಸು ಲೆಕ್ಕದಿಂದಲೇ ಬಿಟ್ಟು ಹೋಗುತ್ತಾಳೆ. ಆಯುಧ ಒಪ್ಪಿಸಿದವರಿಗೆ ಹಣ, ತರಬೇತಿ ಕೊಡುವಾಗ ಸಿಯೆರಾ ಲಿಯೋನ್‌ನಲ್ಲಿ ಹಾಗೇ ಆಯಿತು. ಬಂದೂಕು ತಂದರೆ ಮಾತ್ರ ಹೋರಾಟಗಾರ ಎಂದು ಲೆಕ್ಕ. ಗುಂಪಿನಲ್ಲಿ ಅಡುಗೆ ಮಾಡಿದ, ಹೊರೆ ಹೊತ್ತ, ಬಲವಂತಕ್ಕೆ ಕಮಾಂಡರನ ಹೆಂಡತಿಯಾದ ಹುಡುಗಿಯರಿಗೆ ಏನೂ ಸಿಗಲಿಲ್ಲ.

ಎರಡನೆಯದು, ಕೂರುವ ಹಕ್ಕಿಗೆ ಪುರಾವೆ ಕೇಳುವುದು. ಹೆಂಗಸರು ಭಾಗವಹಿಸಿದರೆ ಒಪ್ಪಂದ 15 ವರ್ಷ ಬಾಳುವ ಸಾಧ್ಯತೆ ಶೇ 35ರಷ್ಟು ಜಾಸ್ತಿ ಅನ್ನುವ ಅಂಕಿಯನ್ನು ಎಲ್ಲ ಕಡೆ ಹೇಳುತ್ತಾರೆ. ನಾನು ಅದನ್ನು ವಾದಕ್ಕೆ ತರುವುದಿಲ್ಲ. ಗಂಡಸರೇ ಕೂತು ಮಾಡಿದ ಎಷ್ಟು ಒಪ್ಪಂದ ಮುರಿದು ಬಿದ್ದಿಲ್ಲ? ಆದರೂ ನೀವು ಕೂತರೆ ಶಾಂತಿ ಬರುತ್ತದಾ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಯುದ್ಧದಲ್ಲಿ ಮನೆ ಕಳೆದುಕೊಂಡವರಲ್ಲಿ ಅರ್ಧ ಜನ ಹೆಂಗಸರು. ಮುಂದಿನ ಬದುಕು ಹೇಗಿರಬೇಕು ಅಂತ ಹೇಳಲು ಅಷ್ಟು ಕಾರಣ ಸಾಕು, ಅಲ್ವಾ?


ಓದುತ್ತಿರುವವಳು

ನಾನು ಪರೀಕ್ಷೆಗೆ ಓದುತ್ತಿದ್ದೇನೆ, ಎರಡು ಪ್ರಶ್ನೆ. 1325ರ ನಾಲ್ಕು ಕಂಬಗಳು ಅನ್ನುತ್ತಾರಲ್ಲ, ಯಾವುವು? ಭಾರತ ಇದಕ್ಕೆ ರಾಷ್ಟ್ರೀಯ ಯೋಜನೆ ಮಾಡಿದೆಯಾ? ಆಮೇಲೆ ಮಾಜಿ ಸೈನಿಕ ಸರ್, ಆ ಮಹಿಳಾ ತುಕಡಿಗೆ ಸೇರುವುದು ಹೇಗೆ?


ಶರಾವತಿ

ಭಾಗವಹಿಸುವಿಕೆ, ರಕ್ಷಣೆ, ತಡೆಗಟ್ಟುವಿಕೆ, ಪರಿಹಾರ ಮತ್ತು ಪುನರ್ವಸತಿ. ಇವೇ ನಾಲ್ಕು. ಭಾರತ ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಿಲ್ಲ. ನೂರಕ್ಕೂ ಹೆಚ್ಚು ದೇಶಗಳು ಮಾಡಿವೆ. ನಮ್ಮ ಪಕ್ಕದಲ್ಲೇ ನೇಪಾಳ 2011ರಲ್ಲಿ, ಬಾಂಗ್ಲಾದೇಶ 2019ರಲ್ಲಿ, ಶ್ರೀಲಂಕಾ 2023ರಲ್ಲಿ ಮಾಡಿದವು. ಶಾಂತಿಪಡೆಗೆ ಹೆಣ್ಣುಮಕ್ಕಳನ್ನು ಕಳಿಸುವುದರಲ್ಲಿ ನಾವು ಮುಂದೆ. ನಮ್ಮ ಮನೆಯೊಳಗಿನ ಮಾತುಕತೆಗೆ ಅದೇ ನಿಯಮ ಹಾಕಿಕೊಳ್ಳಲು ಹಿಂಜರಿಕೆ. ನನಗೆ ಇದು ಸರಿ ಕಾಣುವುದಿಲ್ಲ.


ಬೆಲ್‌ಫಾಸ್ಟ್ ಕನ್ನಡತಿ

ಕರೆಯುವವರು ಯಾರು ಅನ್ನುವ ಪ್ರಶ್ನೆಗೆ ನಾನಿರುವ ಊರಿನಲ್ಲಿ ಒಂದು ಉತ್ತರ ಸಿಕ್ಕಿತ್ತು. ಯಾರೂ ಕರೆಯಲಿಲ್ಲ, ಇವರೇ ಚುನಾವಣೆಗೆ ನಿಂತು ಒಳಗೆ ಹೋದರು.

1996. ಉತ್ತರ ಐರ್ಲೆಂಡ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದ ಜಗಳಕ್ಕೆ ಮಾತುಕತೆಯ ತಯಾರಿ. ಯಾರು ಮಾತುಕತೆಗೆ ಕೂರಬೇಕು ಎಂದು ತೀರ್ಮಾನಿಸಲು ಚುನಾವಣೆ ಇಟ್ಟರು. ನಿಯಮ ಹೀಗಿತ್ತು: 110 ಸ್ಥಾನಗಳಲ್ಲಿ 90 ಕ್ಷೇತ್ರಗಳಿಂದ. ಉಳಿದ 20 ಇಡೀ ಪ್ರಾಂತ್ಯದಲ್ಲಿ ಅತಿ ಹೆಚ್ಚು ಮತ ಪಡೆದ 10 ಪಕ್ಷಗಳಿಗೆ ತಲಾ 2. ಸಣ್ಣ ಸಶಸ್ತ್ರ ಗುಂಪುಗಳ ಪಕ್ಷಗಳೂ ಒಳಗೆ ಬರಲಿ ಎಂದು ಮಾಡಿದ ನಿಯಮ ಅದು. ಕೆಲವು ಹೆಂಗಸರು ಲೆಕ್ಕ ಹಾಕಿದರು. ಹತ್ತರೊಳಗೆ ಬಂದರೆ ಸಾಕು, ಮೇಜಿನಲ್ಲಿ ಜಾಗ ಖಾತ್ರಿ. ಚುನಾವಣೆಗೆ ವಾರಗಳಷ್ಟೇ ಇದ್ದಾಗ ವಿಮೆನ್ಸ್ ಕೊಯಲಿಷನ್ ಎಂಬ ಪಕ್ಷ ಕಟ್ಟಿದರು. ಬಿದ್ದ ಮತ ಶೇ 1ರಷ್ಟು. ಬಂದ ಸ್ಥಾನ 9ನೆಯದು. ಕ್ಯಾಥೊಲಿಕ್ ಹಿನ್ನೆಲೆಯ ಮೋನಿಕಾ ಮ್ಯಾಕ್‌ವಿಲಿಯಮ್ಸ್, ಪ್ರಾಟೆಸ್ಟೆಂಟ್ ಹಿನ್ನೆಲೆಯ ಪರ್ಲ್ ಸಾಗರ್ ಇಬ್ಬರೂ ಒಳಗೆ ಹೋದರು.

ಸುಲಭವಾಗಿರಲಿಲ್ಲ. ಅವರು ಮಾತಾಡಲು ಎದ್ದರೆ ಎದುರು ಸಾಲಿನ ಗಂಡಸರು ದನದ ಹಾಗೆ ಅಂಬಾ ಎಂದು ಕೂಗುತ್ತಿದ್ದರು. ಇವರು ತಮ್ಮ ಆಫೀಸಿನ ಗೋಡೆ ಮೇಲೆ ವಾರವಾರವೂ ಅವಮಾನದ ಮಾತುಗಳನ್ನು, ಆಡಿದವರ ಹೆಸರಿನ ಸಮೇತ ಬರೆದು ಹಾಕತೊಡಗಿದರು. ಪತ್ರಕರ್ತರು ಬಂದು ನೋಡುತ್ತಿದ್ದರು.

1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದಲ್ಲಿ ಇವರು ಸೇರಿಸಿದ್ದು ಏನು ಗೊತ್ತಾ? ಹಿಂಸೆಗೆ ತುತ್ತಾದವರ ಬಗ್ಗೆ ಮಾತು, ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಓದುವ ಶಾಲೆಗಳು, ಒಟ್ಟಿಗೆ ವಾಸಿಸುವ ಬಡಾವಣೆಗಳು, ರಾಜಕೀಯದಲ್ಲಿ ಹೆಂಗಸರ ಪಾಲು. ಬೇರೆ ಪಕ್ಷಗಳು ಕೈದಿಗಳು, ಆಯುಧ, ಪೊಲೀಸ್ ಅಂತ ಜಗಳವಾಡುತ್ತಿದ್ದವು. ಆ ಜಗಳವೂ ಬೇಕಾಗಿತ್ತು. ಆದರೆ ಇಲ್ಲಿ ಇವತ್ತಿಗೂ ಎರಡು ಸಮುದಾಯಗಳ ನಡುವೆ ಎತ್ತರದ ಗೋಡೆಗಳಿವೆ, ಹೆಚ್ಚಿನ ಮಕ್ಕಳು ಬೇರೆ ಬೇರೆ ಶಾಲೆಗೇ ಹೋಗುತ್ತಾರೆ. ಆ ಸಾಲುಗಳು ಎಷ್ಟು ಮುಖ್ಯ ಎಂದು ಇಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ನನಗೆ ಅರ್ಥವಾಯಿತು.

ಮೇ 22ರ ಜನಮತದಲ್ಲಿ ಶೇ 71 ಜನ ಹೌದು ಎಂದರು. ಆ ಪಕ್ಷ ಹೆಚ್ಚು ದಿನ ಬಾಳಲಿಲ್ಲ. 2003ರಲ್ಲಿ ಸ್ಥಾನ ಕಳೆದುಕೊಂಡಿತು, 2006ರಲ್ಲಿ ಮುಚ್ಚಿತು. ಇದೆಲ್ಲ ಶುರುವಾಗಿದ್ದು 1325ಕ್ಕೂ ಮುಂಚೆ ಅನ್ನುವುದನ್ನೂ ಗಮನಿಸಿ. ಬಾಗಿಲು ತೆರೆದಿದ್ದು ಚುನಾವಣೆಯ ಆ ಒಂದು ಸಣ್ಣ ನಿಯಮ.


ಬಯಲುಸೀಮೆ

ಇದು ನನಗೆ ಹಿಡಿಸಿದ ಉತ್ತರ. ನಿಯಮ ಅಂದರೆ ಹೀಗಿರಬೇಕು. ಇಂತಿಷ್ಟು ಮತ ಬಂದರೆ ಇಂತಿಷ್ಟು ಜಾಗ, ಯಾರ ದಯೆಯೂ ಬೇಡ.

ಆದರೆ ಮೀಸಲು ಇಟ್ಟರೆ ಸಾಕು ಅನ್ನುವ ವಾದದ ಬಗ್ಗೆ ನನಗೆ ಅನುಮಾನ ಇದೆ. ನಮ್ಮ ಪಂಚಾಯಿತಿಗಳಲ್ಲಿ ಸಹಿ ಹೆಂಡತಿಯದು, ಸಭೆ ನಡೆಸುವುದು ಗಂಡ. ಇಂಥದ್ದನ್ನು ನಾವೆಲ್ಲ ಕಂಡಿಲ್ಲವಾ? ಜೊತೆಗೆ ಈಗ ಗಾಳಿ ತಿರುಗಿದೆ. ಸ್ವೀಡನ್ 2014ರಲ್ಲಿ ಸ್ತ್ರೀವಾದಿ ವಿದೇಶಾಂಗ ನೀತಿ ಎಂದು ಘೋಷಿಸಿತ್ತು, 2022ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ 2017ರಲ್ಲಿ ಶಾಂತಿ, ಭದ್ರತೆಯ ಕೆಲಸದಲ್ಲಿ ಹೆಂಗಸರ ಪಾಲಿಗಾಗಿಯೇ ಕಾನೂನು ಆಗಿತ್ತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ರಕ್ಷಣಾ ಮಂತ್ರಿಯೇ ಪೆಂಟಗನ್‌ನಲ್ಲಿ ಆ ಕಾರ್ಯಕ್ರಮ ನಿಲ್ಲಿಸಿದ್ದೇನೆ ಎಂದರು.


ಶರಾವತಿ

ಪಂಚಾಯಿತಿಯ ಮಾತು ಬಂತಲ್ಲ, ಅದನ್ನು ಹೀಗೂ ನೋಡಿ. ಕರ್ನಾಟಕ 1983ರ ಕಾಯ್ದೆಯಲ್ಲೇ ಹೆಂಗಸರಿಗೆ ಶೇ 25 ಸ್ಥಾನ ಇಟ್ಟಿತು. 1987ರಲ್ಲಿ ಆ ಚುನಾವಣೆ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಬಂದಿದ್ದು 1993ರ 73ನೇ ತಿದ್ದುಪಡಿಯಿಂದ. ಈಗ ನಮ್ಮಲ್ಲಿ ಅರ್ಧ. ಗಂಡ ನಡೆಸುವ ಪಂಚಾಯಿತಿ ಇವೆ, ನಿಜ. ಹೆಂಡತಿಯೇ ನಡೆಸುವ ಪಂಚಾಯಿತಿಗಳೂ ಇವೆ, ಅವು ಸುದ್ದಿಯಾಗುವುದಿಲ್ಲ. ಜಾಗವೇ ಇಲ್ಲದಿದ್ದರೆ ಎರಡೂ ಇರುತ್ತಿರಲಿಲ್ಲ. ನೇಪಾಳದಲ್ಲಿ ಹತ್ತು ವರ್ಷದ ಮಾವೋವಾದಿ ಯುದ್ಧ ಮುಗಿದ ಮೇಲೆ 2008ರ ಸಂವಿಧಾನ ಸಭೆಗೆ 601 ಸದಸ್ಯರಲ್ಲಿ 197 ಹೆಂಗಸರು ಬಂದರು. ಪಕ್ಷಗಳ ಒಳ್ಳೆಯತನದಿಂದ ಅಲ್ಲ, ನಿಯಮ ಇದ್ದಿದ್ದರಿಂದ.

ಕೊಲಂಬಿಯಾವನ್ನೂ ಸೇರಿಸುತ್ತೇನೆ. 2012ರಲ್ಲಿ ಸರ್ಕಾರ ಮತ್ತು ಫಾರ್ಕ್ ನಡುವೆ ಹವಾನಾದಲ್ಲಿ ಮಾತುಕತೆ ಶುರುವಾದಾಗ ಸರ್ಕಾರದ ಮುಖ್ಯ ಪ್ರತಿನಿಧಿಗಳೆಲ್ಲ ಗಂಡಸರು. 2013ರ ಅಕ್ಟೋಬರ್‌ನಲ್ಲಿ ದೇಶದ ಹೆಂಗಸರು ಬೊಗೊಟಾದಲ್ಲಿ ದೊಡ್ಡ ಸಮಾವೇಶ ಮಾಡಿ ಕೇಳಿದರು. ಮುಂದಿನ ತಿಂಗಳೇ ಸರ್ಕಾರ ಇಬ್ಬರು ಹೆಂಗಸರನ್ನು ನೇಮಿಸಿತು. 2014ರಲ್ಲಿ ಎರಡೂ ಕಡೆಯವರ ಒಂದು ಉಪಸಮಿತಿ ಆಯಿತು. ಒಪ್ಪಂದದ ಪ್ರತಿ ಭಾಗವನ್ನೂ ಹೆಂಗಸರ ಕಣ್ಣಿಂದ ನೋಡುವುದು ಅದರ ಕೆಲಸ. ಜಮೀನಿನ ಹಕ್ಕುಪತ್ರದಲ್ಲಿ ಹೆಂಗಸರ ಹೆಸರು ಬರಬೇಕು, ಯುದ್ಧದಲ್ಲಿ ನಡೆದ ಅತ್ಯಾಚಾರಕ್ಕೆ ಕ್ಷಮಾದಾನ ಇಲ್ಲ, ಇವೆಲ್ಲ ಒಪ್ಪಂದದೊಳಗೆ ಬಂದವು. 2016ರ ಅಕ್ಟೋಬರ್‌ನ ಜನಮತದಲ್ಲಿ ಒಪ್ಪಂದ ಕೂದಲೆಳೆಯಷ್ಟರಲ್ಲಿ ಸೋತಿತು. ವಿರೋಧಿಗಳು ಇದೇ ಭಾಗವನ್ನು ಹಿಡಿದುಕೊಂಡು ಪ್ರಚಾರ ಮಾಡಿದ್ದರು. ತಿದ್ದಿ, ನವೆಂಬರ್ 24ಕ್ಕೆ ಮತ್ತೆ ಸಹಿ ಹಾಕಿದರು. ಹೆಂಗಸರ ಭಾಗ ಸ್ವಲ್ಪ ತೆಳುವಾಯಿತು, ಹೋಗಲಿಲ್ಲ.

2023ರಲ್ಲಿ ಶಾಂತಿ ಒಪ್ಪಂದಗಳಿಗೆ ಸಹಿ ಹಾಕಿದವರಲ್ಲಿ ಹೆಂಗಸರು ಶೇ 26.6. ಕೇಳಲು ಖುಷಿ. ಕೊಲಂಬಿಯಾದ ಒಪ್ಪಂದಗಳನ್ನು ಪಕ್ಕಕ್ಕಿಟ್ಟರೆ ಶೇ 1.5. ಒಂದು ದೇಶ ಅಭ್ಯಾಸ ಮಾಡಿಕೊಂಡಿದೆ, ಉಳಿದವು ಮಾಡಿಕೊಂಡಿಲ್ಲ.


ಕೊಡಗಿನ ಮಾಜಿ ಸೈನಿಕ

ಓದುತ್ತಿರುವ ತಂಗಿಗೆ: ನೇರವಾಗಿ ವಿಶ್ವಸಂಸ್ಥೆಗೆ ಅರ್ಜಿ ಹಾಕಿ ಆ ತುಕಡಿಗೆ ಸೇರಲು ಆಗುವುದಿಲ್ಲಮ್ಮ. ಮೊದಲು ಸೇನೆ, ಸಿಆರ್‌ಪಿಎಫ್ ಅಥವಾ ಪೊಲೀಸ್‌ನಲ್ಲಿ ಇರಬೇಕು. ಅಲ್ಲಿಂದ ಆಯ್ಕೆ ಮಾಡಿ ಕಳಿಸುತ್ತಾರೆ. ಸಿಆರ್‌ಪಿಎಫ್‌ನಲ್ಲಿ 1986ರಿಂದಲೇ ಮಹಿಳಾ ಬೆಟಾಲಿಯನ್ ಇದೆ. ಡ್ರೈವಿಂಗ್, ಫೈರಿಂಗ್, ಇಂಗ್ಲಿಷ್ ಮೂರೂ ಚೆನ್ನಾಗಿರಲಿ. 1993ರಲ್ಲಿ ಶಾಂತಿಪಡೆಗಳ ಸಮವಸ್ತ್ರಧಾರಿಗಳಲ್ಲಿ ಹೆಂಗಸರು ಶೇ 1 ಮಾತ್ರ ಇದ್ದರು. 2028ಕ್ಕೆ ಸೇನಾ ತುಕಡಿಗಳಲ್ಲಿ ಶೇ 15 ಆಗಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ಜಾಗ ಇದೆ, ಪ್ರಯತ್ನ ಮಾಡು.


ಕಡಲತಡಿ

ಮತ್ತೆ ಕರೆಯುವವರ ಪ್ರಶ್ನೆಗೆ ಬರುತ್ತೇನೆ. ಬಯಲುಸೀಮೆಯವರು 2020ರ ದೋಹಾ ಹೇಳಿದರು. ಅದನ್ನು ಕರೆದಿದ್ದು ಅಮೆರಿಕ. ಆದರೆ 2024ರ ಜೂನ್ 30 ಮತ್ತು ಜುಲೈ 1ರಂದು ಅದೇ ದೋಹಾದಲ್ಲಿ ಅಫ್ಘಾನಿಸ್ತಾನದ ಬಗ್ಗೆ ಸಭೆ ಕರೆದಿದ್ದು ಸ್ವತಃ ವಿಶ್ವಸಂಸ್ಥೆ. ತಾಲಿಬಾನ್ ಬರಲಿ ಎಂದು ಅಫ್ಘಾನ್ ಹೆಂಗಸರನ್ನು ಮುಖ್ಯ ಸಭೆಯಿಂದ ಹೊರಗಿಟ್ಟರು. ಅವರನ್ನು ಆಮೇಲೆ ಬೇರೆಯಾಗಿ ಭೇಟಿ ಮಾಡಿದರು. ಹೆಣ್ಣುಮಕ್ಕಳಿಗೆ 6ನೇ ತರಗತಿ ಮುಗಿದ ಮೇಲೆ ಶಾಲೆ ಇಲ್ಲದ ದೇಶದ ಭವಿಷ್ಯದ ಮಾತು ಅದು. ನಿರ್ಣಯ ಬರೆದ ಮನೆಯವರೇ ಹೀಗೆ ಮಾಡಿದರೆ ಬೇರೆಯವರಿಗೆ ಯಾವ ಬಾಯಲ್ಲಿ ಹೇಳುವುದು?


ಬಯಲುಸೀಮೆ

ಇದನ್ನು ಒಪ್ಪುತ್ತೇನೆ. ಇಲ್ಲಿ ಹೊಣೆ ಯಾರದು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಸಭೆ ಕರೆದವರದು, ಹಣ ಕೊಟ್ಟವರದು. ತಾಲಿಬಾನ್ ಬರದಿದ್ದರೆ ಸಭೆಯೇ ಆಗುವುದಿಲ್ಲ ಎನ್ನುತ್ತಾರೆ. ಹೆಂಗಸರು ಇಲ್ಲದಿದ್ದರೂ ಆಗಬಾರದು ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಆದರೂ ಕೇಳುತ್ತೇನೆ: ಹಾಗೆ ಹೇಳಿ ಮಾತುಕತೆ ನಿಂತು ಹೋದರೆ, ಅಷ್ಟರಲ್ಲಿ ಸಾಯುವವರ ಲೆಕ್ಕ ಯಾರು ಕೊಡುತ್ತಾರೆ?


ಶರಾವತಿ

ಕಷ್ಟದ ಪ್ರಶ್ನೆ. ಕದನ ವಿರಾಮ ಒಂದು ದಿನವೂ ತಡವಾಗಬಾರದು, ಅದಕ್ಕೆ ಯಾರು ಬೇಕಾದರೂ ಸಹಿ ಹಾಕಲಿ. ಆದರೆ ಕದನ ವಿರಾಮ ಬೇರೆ, ದೇಶ ಹೇಗೆ ನಡೆಯಬೇಕು ಎಂದು ತೀರ್ಮಾನಿಸುವ ಮಾತುಕತೆ ಬೇರೆ. ಎರಡನೆಯದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿ ಸಮಯ ಇಲ್ಲ ಅನ್ನುವುದು ನೆಪ. ಹವಾನಾದಲ್ಲಿ ನಾಲ್ಕು ವರ್ಷ ಕೂತಿದ್ದರು.

2024ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಗುಟೆರೆಸ್ ಮಧ್ಯಸ್ಥಿಕೆ ವಹಿಸುವ ದೇಶಗಳು, ಸಂಸ್ಥೆಗಳ ಮುಂದೆ ಒಂದು ಒಪ್ಪಿಗೆಪತ್ರ ಇಟ್ಟರು. ತಮ್ಮ ಮಧ್ಯಸ್ಥಿಕೆ ತಂಡದಲ್ಲಿ ಹೆಂಗಸರನ್ನು ನೇಮಿಸುವುದು, ಎದುರು ಬದುರು ಕೂರುವ ಎರಡೂ ಕಡೆಯವರಿಗೂ ಹೆಂಗಸರನ್ನು ಕರೆತರಲು ಒತ್ತಾಯಿಸುವುದು, ಮಹಿಳಾ ಸಂಘಟನೆಗಳ ಜೊತೆ ಮೊದಲಿನಿಂದಲೇ ಮಾತಾಡುವುದು. ಇದೂ ಕಾಗದವೇ. ಆದರೆ ಇದರಲ್ಲಿ ಕರೆಯುವವನ ಹೆಸರು ಇದೆ, ಹಾಗಾಗಿ ಕೇಳಬಹುದು.

ನಾಗಾಲ್ಯಾಂಡಿನ ತಾಯಂದಿರ ಸಂಘದ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ. 1984ರಲ್ಲಿ ಶುರುವಾದ ಸಂಘ, 1994ರಲ್ಲಿ ಇನ್ನು ರಕ್ತ ಹರಿಸಬೇಡಿ ಎಂದು ಅಭಿಯಾನ ಮಾಡಿ, ಬಡಿದಾಡುತ್ತಿದ್ದ ಗುಂಪುಗಳ ಶಿಬಿರಗಳಿಗೇ ನಡೆದು ಹೋಗಿ ಮಾತಾಡಿದವರು ಅವರು. ಭಾರತಕ್ಕೆ ಒಂದು ಕ್ರಿಯಾ ಯೋಜನೆ ಬೇಕು ಎಂದು ಕೇಳುವಾಗ ಅವರಿಂದಲೇ ಶುರು ಮಾಡುವುದು ಸರಿ ಅನಿಸುತ್ತದೆ. ಈಶಾನ್ಯದಲ್ಲಿ ಕೆಲಸ ಮಾಡಿದ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ಅಲ್ಲಿ ಬರೆಯಿರಿ.